ಯಾವ ಎಫ್3, ಸ್ವಾಮಿ?

ಕ್ರೀಡಾಪುಟದ ಮೂಲೆಯಲ್ಲಿ ‘ಫಾರ್ಮುಲಾ 3ರಲ್ಲಿ ಬೆಂಗಳೂರು ಹುಡುಗನ ಸಾಧನೆ’ ಎಂಬಂಥ ಎರಡು ಕಾಲಂ ಸುದ್ದಿ ಕಂಡರೆ, ಖುಷಿಗಿಂತ ಮೊದಲು ಸಿಡುಕು ಬರುತ್ತದೆ. ಯಾವ ಎಫ್3, ಸ್ವಾಮಿ? ಯಾವ ಇಸವಿಯದು, ಯಾವ ದೇಶದ್ದು, ನಡೆಸುವವರು ಯಾರು? ಇಷ್ಟನ್ನೂ ಬಿಟ್ಟು ಬರೀ ಅಂಕಿ ಕೊಟ್ಟರೆ ಆ ಹುಡುಗ ಫಾರ್ಮುಲಾ 1ರತ್ತ ಹತ್ತುವ ಕಾರ್ ರೇಸಿನ ಏಣಿಯ ಯಾವ ಮೆಟ್ಟಿಲ ಮೇಲಿದ್ದಾನೆ ಅಂತ ಹೇಳುವುದು ಹೇಗೆ?

ವರದಿಗಾರರನ್ನು ಬೈದು ಉಪಯೋಗವಿಲ್ಲ ಬಿಡಿ. ಒಂದರ ಕೆಳಗೆ ಎರಡು, ಎರಡರ ಕೆಳಗೆ ಮೂರು ಅಂತ ಹೆಸರಿಟ್ಟವರೇ ಆ ಲೆಕ್ಕಕ್ಕೆ ನಿಂತವರಲ್ಲ. 1952 ಮತ್ತು 1953ರಲ್ಲಿ ಚಾಲಕರ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಫಾರ್ಮುಲಾ 2 ನಿಯಮದಡಿ ನಡೆಸಿದರು. ಅಲ್ಬೆರ್ಟೊ ಅಸ್ಕಾರಿ ಎರಡೂ ಸಲ ಗೆದ್ದದ್ದು ಎಫ್2 ಕಾರಿನಲ್ಲಿ. 1984ಕ್ಕೆ ಯುರೋಪಿನ ಎಫ್2 ಬಾಗಿಲು ಹಾಕಿತು. ಅಷ್ಟರಲ್ಲಿ ಎಫ್1 ತಂಡಗಳು ಟರ್ಬೊ ಕಡೆ ಹೋಗಿದ್ದರಿಂದ ಮೂರು ಲೀಟರಿನ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್‌ಗಳು ಕೆಲಸವಿಲ್ಲದೆ ಕೂತಿದ್ದವು. ಅವಕ್ಕೆ 9,000 ಆರ್‌ಪಿಎಂ ದಾಟದಂತೆ ಲಿಮಿಟರ್ ಹಾಕಿ, 1985ರಲ್ಲಿ ಫಾರ್ಮುಲಾ 3000 ಶುರು ಮಾಡಿದರು. 3000 ಅಂದರೆ ಸಿಸಿ. ಅದು ಎಫ್3ಗಿಂತ ಮೇಲಿನದು ಅಂತ ಹೊಸಬರಿಗೆ ಆಣೆ ಮಾಡಿ ಹೇಳಬೇಕಾಗಿತ್ತು. 2005ರಲ್ಲಿ ಅದರ ಜಾಗಕ್ಕೆ ಜಿಪಿ2 ಬಂತು. 2017ರಲ್ಲಿ ಆ ಜಿಪಿ2ಗೇ ಎಫ್2 ಅಂತ ಹೆಸರಾಯಿತು.

ಆದರೆ 1984ರಲ್ಲಿ ಮುಚ್ಚಿದ ಎಫ್2, 2017ರ ಎಫ್2 ಇವೆರಡರ ನಡುವೆ ಇನ್ನೊಂದು ಎಫ್2 ಇತ್ತು. ಅದರ ಮಾತೆತ್ತಿದರೆ ಬ್ರಿಟನ್ನಿನ ಜೊನಾಥನ್ ಪಾಮರ್ ವಿಷಯ ಹೇಳದೆ ವಿಧಿಯಿಲ್ಲ.

ಹೆಸರಷ್ಟೇ ಪಾಮರ್, ಮನುಷ್ಯ ಪಂಡಿತರೇ. ಓದಿದ್ದು ಡಾಕ್ಟರಿಕೆ. 1981ರಲ್ಲಿ ಬ್ರಿಟಿಷ್ ಎಫ್3 ಗೆದ್ದರು, 1983ರಲ್ಲಿ ಯುರೋಪಿಯನ್ ಎಫ್2 ಗೆದ್ದರು, ಎಫ್1ನಲ್ಲೂ ಓಡಿಸಿದರು. ಆಮೇಲೆ ಅವರ ಮೋಟರ್‌ಸ್ಪೋರ್ಟ್ ವಿಷನ್ ಕಂಪನಿ ಬ್ರ್ಯಾಂಡ್ಸ್ ಹ್ಯಾಚ್, ಔಲ್ಟನ್ ಪಾರ್ಕ್, ಸ್ನೆಟರ್‌ಟನ್ ಟ್ರ್ಯಾಕ್‌ಗಳ ಒಡೆತನ ಹಿಡಿಯಿತು. 2009ರಲ್ಲಿ ಮೋಟರ್ ಕ್ರೀಡೆಯ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ, ಎಫ್2 ಹೆಸರಿಗೆ ಮತ್ತೆ ಜೀವ ಕೊಟ್ಟಾಗ ನಡೆಸುವ ಹೊಣೆ ಸಿಕ್ಕಿದ್ದು ಇವರಿಗೆ. ಕಾರಿನ ವಿನ್ಯಾಸ ವಿಲಿಯಮ್ಸ್ ತಂಡದ್ದು, ಮೊಹರು ಎಫ್‌ಐಎದ್ದು. ಎಲ್ಲ ಇತ್ತು, ತೂಕವೊಂದು ಬಿಟ್ಟು. ಹೆಚ್ಚು ಶಕ್ತಿಯ ಕಾರು, ಎಫ್1 ವಾರಾಂತ್ಯದ ಟ್ರ್ಯಾಕ್ ಎರಡೂ ಜಿಪಿ2 ಕೈಯಲ್ಲಿದ್ದವು. 2009ರಿಂದ 2012ರವರೆಗೆ ಆ ಎಫ್2 ಗೆದ್ದ ಸೌಸೆಕ್, ಸ್ಟೋನ್‌ಮನ್, ಬೊರ್ಟೊಲೊಟ್ಟಿ, ಬಚೇಟಾ ಈ ನಾಲ್ವರಲ್ಲಿ ಒಬ್ಬರೂ ಎಫ್1 ರೇಸ್ ಓಡಿಸಲಿಲ್ಲ. ಅದೇ ವರ್ಷಗಳಲ್ಲಿ ಜಿಪಿ2 ಗೆದ್ದ ಹುಲ್ಕೆನ್‌ಬರ್ಗ್, ಮಾಲ್ಡೊನಾಡೊ, ಗ್ರೋಜಾನ್ ಮೂವರೂ ಮರುವರ್ಷವೇ ಎಫ್1 ಸೀಟು ಹಿಡಿದರು.

2012ಕ್ಕೆ ಆ ಎಫ್2 ಮುಗಿಯಿತು. ಪಾಮರ್ ಕೂರುವವರಲ್ಲ, 2013ರಲ್ಲಿ ಬಿಆರ್‌ಡಿಸಿ (ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್) ಹೆಸರಿನಲ್ಲಿ ಫಾರ್ಮುಲಾ 4 ಶುರು ಮಾಡಿದರು. ಮರುವರ್ಷ ಅದನ್ನು ಗೆದ್ದದ್ದು ಜಾರ್ಜ್ ರಸೆಲ್, ಎರಡನೇ ಸ್ಥಾನ ನಮ್ಮ ಬೆಂಗಳೂರಿನ ಅರ್ಜುನ್ ಮೈನಿಗೆ. ಅದೇ 2014ರಲ್ಲಿ ಎಫ್‌ಐಎ ತನ್ನದೇ ಎಫ್4 ದರ್ಜೆಯನ್ನು ಇಟಲಿಯಿಂದ ಆರಂಭಿಸಿತು. 2015ರಲ್ಲಿ ಅದು ಬ್ರಿಟನ್ನಿಗೆ ಬರುವ ಹೊತ್ತಿಗೆ ಎಫ್4 ಹೆಸರಿನ ಮೇಲೆ ಪಾಮರ್ ಟವೆಲ್ ಹಾಕಿ ಆಗಿತ್ತು. ಹಾಗಾಗಿ ಎಫ್‌ಐಎ ಒಪ್ಪಿದ ಅಸಲಿ ಎಫ್4 ಅಲ್ಲಿ ‘ಎಂಎಸ್‌ಎ ಫಾರ್ಮುಲಾ’ ಅಂತ ಓಡಿತು. ಅದರ ಮೊದಲ ಚಾಂಪಿಯನ್ ಲ್ಯಾಂಡೊ ನಾರಿಸ್. ಆತ ಗೆದ್ದದ್ದು ಎಫ್4 ಹೌದು, ಹೆಸರಿನಲ್ಲಿ ಮಾತ್ರ ಅಲ್ಲ.

ಇಷ್ಟರಲ್ಲಿ, ಪಾಮರ್ ಒಮ್ಮೆ ಗೆದ್ದಿದ್ದ ಆ ಹಳೆಯ ಬ್ರಿಟಿಷ್ ಎಫ್3, 2014ರ ನಂತರ ನಿಂತುಹೋಗಿ ಹೆಸರು ಖಾಲಿ ಬಿದ್ದಿತ್ತು. 2016ರಲ್ಲಿ ಬಿಆರ್‌ಡಿಸಿ ಎಫ್4 ಹೋಗಿ ‘ಬಿಆರ್‌ಡಿಸಿ ಬ್ರಿಟಿಷ್ ಎಫ್3’ ಆಯಿತು, ಎಂಎಸ್‌ಎ ಫಾರ್ಮುಲಾಕ್ಕೆ ಎಫ್4 ಹೆಸರು ದಕ್ಕಿತು. ಎಫ್3ಗೆ ಇಳಿದ ಕಾರು ಟಟೂಸ್ ಕಂಪನಿಯದು: ಎರಡು ಲೀಟರಿನ ಕಾಸ್‌ವರ್ತ್ ಎಂಜಿನ್, ಸುಮಾರು 230 ಎಚ್‌ಪಿ. ಅದನ್ನು ತಯಾರಿಸಿದ್ದು ಎಫ್4ಗೆಂದು. ಕಾರಿನ ಹೆಸರೇ ಎಫ್4-016 ಅಂತ ಇತ್ತು! ಅರ್ಜುನ್ ತಮ್ಮ ಕುಶ್ ಮೈನಿ ಇದೇ ಸರಣಿಯಲ್ಲಿ 2018ರಲ್ಲಿ ಮೂರನೆಯವರಾದರು, 2020ರಲ್ಲಿ ಎರಡನೆಯವರು. ಒಂದೇ ಶಾಲೆ, ಅದೇ ಹೆಡ್‌ಮಾಸ್ಟರು. ಅಣ್ಣನಿಗೆ ಸಿಕ್ಕಿದ್ದು ನಾಲ್ಕರ ಸರ್ಟಿಫಿಕೇಟು, ತಮ್ಮನಿಗೆ ಮೂರರದ್ದು. 2021ರ ಆಗಸ್ಟಿನಲ್ಲಿ, ಸೀಸನ್ ಅರ್ಧ ಓಡಿದ ಮೇಲೆ, ಎಫ್3 ಹೆಸರನ್ನೂ ಬಿಡಬೇಕಾಗಿ ಬಂದು ಸರಣಿ ‘ಜಿಬಿ3’ ಆಯಿತು. ಬ್ರಿಟಿಷ್ ಎಫ್3 ಅಂತ ಸೀಸನ್ ಶುರು ಮಾಡಿದ ಜಾಕ್ ಓಸಲಿವನ್ ಕೊನೆಗೆ ಗೆದ್ದದ್ದು ಜಿಬಿ3 ಪ್ರಶಸ್ತಿ. ಮರುವರ್ಷ ಪಾಮರ್ ಜಿಬಿ4 ಕೂಡ ತಂದರು.

ಇದೆಲ್ಲ ಒಬ್ಬರ ಹಟ ಎನ್ನೋಣವೆಂದರೆ ಎಫ್‌ಐಎ ಏನು ಕಡಿಮೆಯೇ? 2018ರವರೆಗೆ ಯುರೋಪಿಯನ್ ಎಫ್3 ಅಂದರೆ ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್, ಸುಮಾರು 240 ಎಚ್‌ಪಿ. 2019ರಲ್ಲಿ ಜಿಪಿ2ರ ಕೆಳಗಿನ ಮೆಟ್ಟಿಲಾಗಿದ್ದ ಜಿಪಿ3ಯನ್ನು ಅದಕ್ಕೆ ಸೇರಿಸಿ, 3.4 ಲೀಟರಿನ ವಿ6, 380 ಎಚ್‌ಪಿ ಕಾರಿಗೆ ಅದೇ ಎಫ್3 ಹೆಸರಿಟ್ಟರು. 270 ಎಚ್‌ಪಿಯ ಟಟೂಸ್ ಟಿ-318 ಹಳೇ ಎಫ್3ಗೆ ಹತ್ತಿರದ ಸಂಬಂಧಿ. ಅದನ್ನು ‘ಫಾರ್ಮುಲಾ ರೀಜನಲ್’ ಅಂತ ಕರೆದು ಒಂದು ಮೆಟ್ಟಿಲು ಕೆಳಗೆ ಕೂರಿಸಿದರು. ಮೊಂಜಾ, ಸ್ಪಾ, ಇಮೋಲಾ ಸುತ್ತುವ ಸರಣಿಗೆ ರೀಜನಲ್ ಅಂತೆ!

ಹೆಸರು ಬಿಟ್ಟು, ಎಫ್1 ಓಡಿಸಲು ಬೇಕಾದ ಪರವಾನಗಿಯಾದ ಸೂಪರ್ ಲೈಸೆನ್ಸ್‌ನ ಅಂಕ ನೋಡಿ ಅನ್ನುವವರಿದ್ದಾರೆ. ಎಫ್1ಗೆ ಹೋಗಲು ಮೂರು ಸೀಸನ್ನಿನಲ್ಲಿ 40 ಅಂಕ ಬೇಕು. ಎಫ್2ನಲ್ಲಿ ಮೊದಲ ಮೂವರಿಗೂ ತಲಾ 40; ಮೂರನೆಯವನಿಗೂ ಚಾಂಪಿಯನ್‌ಗೂ ಭೇದವಿಲ್ಲ. ಎಫ್3 ಚಾಂಪಿಯನ್‌ಗೆ 30, ಅಂದರೆ ಗೆದ್ದರೂ ಸಾಲದು. ಯುರೋಪಿನ ರೀಜನಲ್ ಗೆದ್ದರೆ 25, ಒಂದು ದೇಶದ ಎಫ್4 ಗೆದ್ದರೆ 12. ಎರಡನ್ನೂ ಗೆದ್ದು, ಮೂರನೇ ವರ್ಷ ಎಫ್3ನಲ್ಲಿ ಒಂಬತ್ತನೆಯವನಾಗಿ 3 ಅಂಕ ತಂದರೂ 12, 25, 3 ಸೇರಿ ಸರಿಯಾಗಿ 40. ವಯಸ್ಸು, ಎಫ್1 ಕಾರಿನ ಟೆಸ್ಟ್ ಇತ್ಯಾದಿ ಷರತ್ತು ಬೇರೆ ಇವೆ, ಅಂಕದ ಮಟ್ಟಿಗೆ ದಾರಿ ಸಲೀಸು. ಆದರೆ 2022ರಲ್ಲಿ ಆಲ್ಫಾಟೌರಿ ಎಂಬ ಎಫ್1 ತಂಡಕ್ಕೆ ಕೋಲ್ಟನ್ ಹರ್ಟಾ ಬೇಕಾಗಿದ್ದರು. ಅಮೆರಿಕದ ಇಂಡಿಕಾರ್ ಸರಣಿಯಲ್ಲಿ ಏಳು ರೇಸ್ ಗೆದ್ದಿದ್ದವರು. ಪಟ್ಟಿಯ ಪ್ರಕಾರ ಅವರ ಅಂಕ 32. ಲೈಸೆನ್ಸ್ ಸಿಗಲಿಲ್ಲ.