ನಾಳೆ ರಾತ್ರಿ 24 ಇಂಚು

ನನ್ನ ಭಾಮೈದ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾನೆ. ಹೋದದ್ದು ಸಾಫ್ಟ್‌ವೇರ್ ಕೆಲಸಕ್ಕೆ. ಈಗ ಸ್ಕೀಯಿಂಗೇ ಕಸುಬು, ಬಿಡುವಾದಾಗ ಸಾಫ್ಟ್‌ವೇರು. ಜಗಳೂರು ಕಡೆಯ ಹುಡುಗ. ಐಸ್‌ಕ್ಯಾಂಡಿ ಡಬ್ಬಿಯ ಒಳಗೋಡೆಗೆ ಅಂಟಿದ್ದನ್ನು ಬಿಟ್ಟರೆ ಬೇರೆ ಹಿಮ ಕಂಡವನಲ್ಲ. ಅಂಥವನು ಕಾಲಿಗೆ ಎರಡು ಹಲಗೆ ಸಿಕ್ಕಿಸಿಕೊಂಡು ಗುಡ್ಡದ ಮೇಲಿಂದ ಜಾರುತ್ತಾನೆ. ಜಾರಲಿ ಬಿಡಿ, ಅವನ ಕಾಲು, ಅವನ ಇನ್ಶೂರೆನ್ಸು. ನಮಗೆ ಕಾಟ ಕೊಡುವುದು ಅವನು ಜಾರದೆ ಕಾಯುವ ದಿನಗಳು.

ಈ ಸ್ಕೀಯಿಂಗ್ ಮಂದಿಗೆ ಹಳೇ ಹಿಮ ಆಗುವುದಿಲ್ಲ. ರಾತ್ರಿಯಷ್ಟೇ ಬಿದ್ದಿರಬೇಕು, ಯಾರೂ ತುಳಿದಿರಬಾರದು, ಪುಡಿಪುಡಿಯಾಗಿ ಮೊಣಕಾಲುದ್ದ ಇರಬೇಕು. ಪೌಡರ್ ಅಂತಾರೆ. ಅದು ಬೇಕು ಅಂದರೆ ಬಿರುಗಾಳಿ ಬರಬೇಕು. ಊರಿನವರೆಲ್ಲ ಎಚ್ಚರಿಕೆ ಕೇಳಿ ಹಾಲು, ಬ್ರೆಡ್ಡು ತಂದಿಟ್ಟುಕೊಂಡು ಬಾಗಿಲು ಹಾಕುವಾಗ ಇವರು ಹಲಗೆಗೆ ಮೇಣ ತಿಕ್ಕುತ್ತಾ ಕೂತಿರುತ್ತಾರೆ.

ಹಿಮ ಎಷ್ಟು ಬೀಳುತ್ತೆ ಅಂತ ಹೇಳುವ ಕಂಪ್ಯೂಟರ್ ಲೆಕ್ಕಗಳಲ್ಲಿ ಎರಡು ದೊಡ್ಡವು. ಒಂದು ಅಮೆರಿಕದ್ದು, ಜಿಎಫ್‌ಎಸ್ ಅಂತ. ದಿನಕ್ಕೆ 4 ಸಲ ಹೊಸ ಲೆಕ್ಕ ಹಾಕಿ 16 ದಿನ ಮುಂದಿನವರೆಗೂ ಹೇಳುತ್ತದೆ. ಇನ್ನೊಂದು ಯುರೋಪಿನದ್ದು. ಬಲ್ಲವರು ಯುರೋಪಿನದ್ದೇ ವಾಸಿ ಅನ್ನುತ್ತಾರೆ. ಭಾಮೈದ ಅಂಥ ಪಕ್ಷಪಾತ ಮಾಡುವವನಲ್ಲ. ಯಾವುದು ಜಾಸ್ತಿ ಹಿಮ ಹೇಳುತ್ತದೋ ಅವತ್ತಿಗೆ ಅದೇ ಸರಿ. ಹತ್ತು ದಿನ ಮೊದಲು ಮೂರಡಿ ಅಂದದ್ದು, ಒಂದು ವಾರ ಉಳಿದಾಗ ಎರಡಡಿ ಆಗುತ್ತೆ. ಮೂರು ದಿನ ಉಳಿದಾಗ ಒಂದಡಿ. ಬೆಳಗಾಗಿ ಎದ್ದು ನೋಡಿದರೆ ಬೂಟಿನ ಲೇಸು ಮುಚ್ಚಿದ್ದರೆ ಪುಣ್ಯ. "ವಾರ ದಾಟಿದ ಮುನ್ಸೂಚನೆ ನಂಬಬಾರದು ಭಾವ" ಅಂತ ನನಗೆ ಪಾಠ ಹೇಳಿದವನೂ ಅವನೇ. ಹೇಳಿದ ದಿನವೇ ಹದಿನಾಲ್ಕನೇ ದಿನದ ನಕ್ಷೆ ಕಳಿಸಿದ್ದ.

ಚಳಿಗಾಲದಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ರಾತ್ರಿ ಮಲಗೋ ಮುಂಚೆ ಕೊನೇ ನಕ್ಷೆ ನೋಡಿ ಅವನು ಫೋನ್ ಮಾಡುವ ಹೊತ್ತಿಗೆ, ದಾವಣಗೆರೆಯಲ್ಲಿ ಭಾನುವಾರದ ಬೆಣ್ಣೆ ದೋಸೆ ಆಗಷ್ಟೇ ನಮ್ಮ ಟೇಬಲ್ಲಿಗೆ ಬಂದಿರುತ್ತದೆ. "ಭಾವ, ಗಾಳಿ ವಾಯವ್ಯಕ್ಕೆ ತಿರುಗ್ತಿದೆ!" ಅನ್ನುತ್ತಾನೆ. ಅವನು ಹೋಗುವ ಆಲ್ಟಾ ಅನ್ನೋ ಗುಡ್ಡಕ್ಕೆ ವಾಯವ್ಯದ ಗಾಳಿ ತುಂಬಾ ಒಳ್ಳೇದಂತೆ. ಅಲ್ಲಿಯ ದೊಡ್ಡ ಉಪ್ಪುನೀರಿನ ಸರೋವರದ ಮೇಲೆ ಹಾದು ಬರುವಾಗ ಇನ್ನಷ್ಟು ತೇವ ಹೀರಿಕೊಂಡು ಬರುತ್ತದಂತೆ. ಸಂತೋಷ. ನನ್ನ ದೋಸೆಗೆ ಮಾತ್ರ ಯಾವ ದಿಕ್ಕಿನ ಗಾಳಿಯೂ ಒಳ್ಳೇದಲ್ಲ.

ಅವನು ಫೋನಿಗೇ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಮನೆಯವರ ವಾಟ್ಸಾಪ್ ಗ್ರೂಪಿಗೂ ಹಾಕತೊಡಗಿದ. ನೇರಳೆ, ಗುಲಾಬಿ ಬಣ್ಣದ ದೊಡ್ಡ ದೊಡ್ಡ ನಕ್ಷೆಗಳು. ಮೊದಲನೆಯದು ಬಂದ ದಿನವೇ ಊರಿಂದ ಮಾವನವರ ಫೋನು. "ಯಾರ್ದಪ್ಪಾ ಇದು ಸ್ಕ್ಯಾನಿಂಗು? ಗಂಟೇನಾದ್ರೂ ಐತಂತಾ?"

ಮಾವನವರು ಮೆಕ್ಕೆಜೋಳ ಬೆಳೆಯುವವರು. ನವೆಂಬರ್ ಕೊನೆಗೆ ಜೋಳವೆಲ್ಲ ಕಣದಲ್ಲಿರುತ್ತದೆ. ಕಣ ಸಾಲದವರದ್ದು ಟಾರು ರಸ್ತೆಯ ಅರ್ಧಕ್ಕೆ ಹರಡಿರುತ್ತದೆ. ಆ ಹೊತ್ತಿಗೆ ನಮ್ಮ ಕಡೆ ರೈತರ ಹತ್ತಿರ ಮಳೆ ಅನ್ನೋ ಮಾತನ್ನೇ ಎತ್ತಬಾರದು. ಸರಿಯಾಗಿ ಆಗಲೇ ಗ್ರೂಪಿಗೆ ಸುದ್ದಿ ಬಂತು. ಅಮ್ಮನಿಗೂ ಅರ್ಥವಾಗಲಿ ಅಂತ ಅಚ್ಚ ಕನ್ನಡದಲ್ಲಿ: "ನಾಳೆ ರಾತ್ರಿ ಬಿರುಗಾಳಿ. 24 ಇಂಚು ಪಕ್ಕಾ!"

ಊರಿನ ಹೆಸರಿಲ್ಲ.

ದಾವಣಗೆರೆ ಸೀಮೆಗೆ ಇಡೀ ವರ್ಷಕ್ಕೆ ಬೀಳುವುದೇ ಹೆಚ್ಚುಕಮ್ಮಿ 25 ಇಂಚು. ಅಷ್ಟೂ ಒಂದೇ ರಾತ್ರಿಗೆ ಅಂದರೆ ಯಾರ ಎದೆ ತಡೆಯುತ್ತೆ ಹೇಳಿ? ಮಾವನವರು ಡಬಲ್ ಕೂಲಿ ಕೊಟ್ಟು ಆಳು ಕರೆಸಿದರು. ಬಾಡಿಗೆಗೆ ತಾಡಪಾಲು ತಂದರು. ಅರ್ಧ ಒಣಗಿದ ಜೋಳವನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿ ಸಮುದಾಯ ಭವನ ತುಂಬಿಸಿದರು. "ಅಮೆರಿಕದಿಂದ್ಲೇ ಸುದ್ದಿ ಬಂದೈತೆ" ಅಂತ ಗೊತ್ತಾದ ಮೇಲೆ ಓಣಿಯವರೂ ಸುಮ್ನೆ ಕೂರಲಿಲ್ಲ. ಮಾರನೇ ದಿನ ಜಗಳೂರು ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ಜೋಳ ಒಣಗಿಸೋಕೆ ಅಂತಲೇ ಮಾಡಿಸಿದಂಥ ಬಿಸಿಲು. ಜನ ಭವನದ ಮುಂದೆ ನಿಂತು ಒಮ್ಮೆ ಆಕಾಶ ನೋಡುವುದು, ಒಮ್ಮೆ ಮಾವನವರನ್ನು ನೋಡುವುದು.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಪಂಚಾಯ್ತಿ ನಡೆಯಿತು.

"ಅಪ್ಪಾ, ಅದು ಇಲ್ಲಿ ಬೀಳೋ ಹಿಮ. ಇಪ್ಪತ್ನಾಲ್ಕು ಇಂಚು ಹಿಮ ಕರಗಿಸಿದ್ರೆ ಎರಡೇ ಇಂಚು ನೀರು."

"ಎರಡಿಂಚಿಗೇನೋ ಇಷ್ಟು ಹಾರಾಡಿದ್ದು? ಹೋಗ್ಲಿ, ಅದಾದ್ರೂ ಬಿತ್ತಾ?"

"ಐದಿಂಚು ಬಿತ್ತು. ಹಿಮ."

ಮಾವನವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಮನಸ್ಸಲ್ಲೇ ಐದಿಂಚು ಕರಗಿಸಿ ನೋಡಿದರು ಅಂತ ಕಾಣುತ್ತೆ. "ನಮ್ಮ ಕಡೆ ಇದಕ್ಕೆ ತುಂತುರು ಅಂತೀವಪ್ಪಾ" ಅಂದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಅಪ್ಪ ಮಗನ ಫೋನು ಅಂದರೆ ಯಾವತ್ತೂ ಎರಡೇ ಪ್ರಶ್ನೆ. ಊಟ ಆಯ್ತಾ, ಯಾವಾಗ ಬರ್ತೀಯ. ಆಮೇಲೆ "ತಗಾ, ನಿಮ್ಮವ್ವಗೆ ಕೊಡ್ತೀನಿ." ಅವತ್ತು ಜಗಳ ಶುರುವಾದದ್ದೇ ಆದದ್ದು, ಫೋನು ಅತ್ತೆಯ ಕೈಗೆ ಬರಲೇ ಇಲ್ಲ. ಮಗ ಹಿಮದ ತೇವಾಂಶದ ಸುದ್ದಿ ಎತ್ತಿದ. ಆಲ್ಟಾದ ಹಿಮದಲ್ಲಿ ನೀರು ಸರಾಸರಿ ನೂರಕ್ಕೆ 8ರಷ್ಟೇ, ಅದಕ್ಕೇ ಅಷ್ಟು ಹಗುರ ಅಂದ. ಮಾವನವರು ನೆಟ್ಟಗೆ ಕೂತರು. ತೇವಾಂಶ ಅಂದರೆ ಅವರಿಗೆ ಪ್ರಾಣ. ಮಂಡಿಯಲ್ಲಿ ಒಂದು ಹಿಡಿ ಜೋಳ ಮಿಷಿನ್ನಿಗೆ ಹಾಕಿ ನೋಡುತ್ತಾರೆ. 14 ದಾಟಿತೋ, ರೇಟಿಗೆ ಕತ್ತರಿ.

"ಎಂಟಾ! ಅದು ಮಾಲು ಕಣೋ!"

"ಕ್ಯಾಲಿಫೋರ್ನಿಯಾ ಕಡೆಯ ಬೆಟ್ಟದಲ್ಲಿ ಬೀಳೋದು ಇದಕ್ಕಿಂತ ಒದ್ದೆ ಅಪ್ಪಾ. ಸಿಯೆರಾ ಸಿಮೆಂಟ್ ಅಂತಾನೇ ಕರೀತಾರೆ."

"ಹಸಿ ಮಾಲನ್ನ ಯಾರು ಕೇಳ್ತಾರೆ, ಬಿಡು."

2022-23ರ ಚಳಿಗಾಲದಲ್ಲಿ ಆಲ್ಟಾದಲ್ಲಿ ಒಟ್ಟು 903 ಇಂಚು ಬಿದ್ದು ದಾಖಲೆಯಾದದ್ದನ್ನೂ ಮಗ ಹೇಳಿದ. ಮಾವನವರು ಅಡಿ ಲೆಕ್ಕಕ್ಕೆ ತಿರುಗಿಸಿದರು. 75 ಅಡಿ. ನಮ್ಮ ಸೀಮೆಯಲ್ಲಿ ಅಡಿ ಅಂದರೆ ಎಲ್ಲರಿಗೂ ನೆನಪಾಗುವುದು ಮಾರಿಕಣಿವೆಯ ವಾಣಿವಿಲಾಸ ಸಾಗರ. ಅದು ತುಂಬುವುದು 130 ಅಡಿಗೆ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅಂಥ ಕಡೆ ಹುಟ್ಟಿದವರಿಗೆ ಒಂದೇ ಚಳಿಗಾಲದಲ್ಲಿ ಅರ್ಧ ಡ್ಯಾಮಿನೆತ್ತರ ಬೀಳುತ್ತೆ ಅಂದರೆ ಹೊಟ್ಟೆ ಉರಿಯದೆ ಇರುತ್ತಾ? "ಅಷ್ಟೂ ಜಾರಾಕೆ ಹಾಳು ಮಾಡ್ತೀರಲ್ಲೋ" ಅಂದರು.

ಇಷ್ಟು ಹೊತ್ತೂ ಅತ್ತೆಗೆ ಬೇರೆಯದೇ ಚಿಂತೆ. ಮಗನಿಗೆ ಹಿಮ ಕಡಿಮೆ ಆಯಿತಲ್ಲ ಅಂತ. "ಅಲ್ಲಿ ಹಿಮಕ್ಕೆ ದೇವರು ಗೀವರು ಇಲ್ವೇನೋ?" ಅಂತ ಹಿಂದಿನಿಂದ ಕೂಗಿದರು. ಇದ್ದಾನೆ. ಉಲ್ಲರ್ ಅಂತ, ನಾರ್ವೆ ಕಡೆಯ ಹಳೇ ದೇವರು. ಕೆಲವು ಕಡೆ ಸ್ಕೀಯಿಂಗ್ ಮಂದಿ ಹಳೇ ಹಲಗೆಗಳನ್ನು ರಾಶಿ ಹಾಕಿ ಸುಟ್ಟು ಅವನನ್ನು ಬೇಡಿಕೊಳ್ಳುತ್ತಾರೆ. ಮಳೆಗಾಗಿ ಕತ್ತೆಗಳಿಗೆ ತಾಳಿ ಕಟ್ಟಿಸಿದ ನಾಡಿನವರು ನಾವು, ನಗುವಂತಿಲ್ಲ. ಅತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ. "ಬೆಂಕಿ ಹಚ್ಚಿದ್ರೆ ಹಿಮ ಬರ್ತೈತಾ? ಕಾಯಿ ಒಡೀಬೇಕು." ಮುಂದಿನ ಸಲ ದಾವಣಗೆರೆಗೆ ಬಂದಾಗ ನನ್ನ ಹೆಂಡತಿಯನ್ನು ಕರಕೊಂಡು ದುರ್ಗಾಂಬಿಕೆ ಗುಡಿಗೆ ಹೋಗಿ ಹರಕೆ ಹೊತ್ತೇಬಿಟ್ಟರು.

ಆಮೇಲೆ ಬಂತು ನೋಡಿ. ಆಲ್ಟಾದ ಮುನ್ಸೂಚನೆ ಈ ಸಲ ದಿನದಿಂದ ದಿನಕ್ಕೆ ಏರುತ್ತಾ ಹೋಯಿತು. ಗ್ರೂಪಿನ ತುಂಬ ನೇರಳೆ. ಅದರ ನಡುವೆ ನನ್ನದೊಂದು ಬಡಪಾಯಿ ಸಂದೇಶ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ನಾಳೆ ರಾತ್ರಿ ಮಳೆ ಸಾಧ್ಯತೆ. ಮಾವನವರು ಓದಿದರು. ಓದಿ ನನಗೇ ಫೋನ್ ಮಾಡಿದರು. "ಅವನಿಗೆ ಹೇಳಪ್ಪಾ, ಹಲಗಿಗೆ ಮೇಣ ಹಚ್ಚಿಕೊಳ್ಳಲಿ" ಅಂದು ಇಟ್ಟರು. "ಮಾವಾ, ಇದು ನಮ್ಮದು, ನಮ್ಮೂರಿಂದು" ಅಂತ ನಾನು ಅರಚಿದ್ದು ಹೆಂಡತಿಗೆ ಕೇಳಿಸಿತು, ಪಕ್ಕದ ಮನೆಯವರಿಗೂ ಕೇಳಿಸಿತು. ಮಾವನವರು ಫೋನ್ ಸ್ವಿಚ್ ಆಫ್ ಮಾಡಿ ಮಲಗಿದ್ದರು. ಬಾಡಿಗೆ ಕೊಡೋದು ದಂಡ ಅಂತ ತಾಡಪಾಲೂ ವಾಪಸ್ ಹೋಗಿತ್ತು.

ಮಳೆ ಬಂತು. ಬೆಳಗಾಗುವವರೆಗೂ ಹೊಯ್ಯಿತು. ಕಣದ ಜೋಳ ತೇವ 22ಕ್ಕೆ ಹೋಯಿತು.

ಭಾಮೈದನ ಕಥೆ ಏನಾಯ್ತು? ಅಲ್ಲಿ ಬೇಡಿದ್ದಕ್ಕಿಂತ ಜಾಸ್ತಿ ಬಿದ್ದಿತ್ತು. ಆಫೀಸಿಗೆ ನೆಗಡಿ ಅಂತ ಹೇಳಿ ಕತ್ತಲಲ್ಲೇ ಕಾರು ತೆಗೆದಿದ್ದಾನೆ. ಆಲ್ಟಾಕ್ಕೆ ಹೋಗುವ ಕಣಿವೆ ರಸ್ತೆಯ ಪಕ್ಕದಲ್ಲೆಲ್ಲ ಹಿಮ ಕುಸಿಯುವ ಜಾಗಗಳು. ಹಿಮ ಜಾಸ್ತಿ ಬಿದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಮೇಲೆ ಲಾಡ್ಜುಗಳಲ್ಲಿ ಇದ್ದವರೂ ಅಪಾಯ ಕಳೆಯುವವರೆಗೆ ಹೊರಗೆ ಕಾಲಿಡುವಂತಿಲ್ಲ. ಹಿಮಕ್ಕಾಗಿ ಅಷ್ಟು ಕಾದು, ಆ ಹಿಮದಿಂದಲೇ ಕಣಿವೆಯ ಬಾಯಲ್ಲಿ ಕಾರುಗಳ ಸಾಲಿನಲ್ಲಿ ನಿಂತ. ಅಮ್ಮ ಕಳಿಸಿದ ಚಕ್ಲಿ ಡಬ್ಬಿ ಖಾಲಿ ಮಾಡಿದ. ಮುಂದಿನ ಕಾರಿನಲ್ಲಿ ಅವನ ಮ್ಯಾನೇಜರ್ ಇದ್ದರಂತೆ. ಅವರಿಗೂ ಬೆಳಿಗ್ಗೆಯಿಂದ ನೆಗಡಿಯಂತೆ.

ಊರಲ್ಲಿ ಅತ್ತೆಯ ವಿಚಾರಣೆ ನಡೆಯಿತು. ನನ್ನ ಹೆಂಡತಿಯೇ ಕೇಳಿದಳು, "ಅಮ್ಮಾ, ದೇವರ ಹತ್ರ ಏನಂತ ಕೇಳ್ಕೊಂಡೆ?"

"ನನ್ನ ಮಗನಿಗೆ ಚೆನ್ನಾಗಿ ಬೀಳ್ಲಿ ತಾಯಿ ಅಂದೆ."

"ಎಲ್ಲಿ ಬೀಳ್ಲಿ ಅಂತ ಹೇಳಿದ್ಯಾ?"

"ಆ ಊರಿನ ಹೆಸರು ಬಾಯಿಗೆ ಬರ್ಲಿಲ್ಲ. ನಮ್ಮನೆ ವಿಳಾಸ ಹೇಳ್ದೆ."

ಮಾವನವರು ಹರಕೆ ತೀರಿಸೋಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಅಂದರು. ಅತ್ತೆ, ಎರಡೂ ಕಡೆ ಬಿದ್ದಿದೆ, ಹಾಗಾಗಿ ಎರಡು ಕಾಯಿ ಅಂದರು. ಎರಡೂ ಕಾಯಿಯ ದುಡ್ಡು ಅಳಿಯ ಕೊಟ್ಟ.

ಈಗ ಭಾಮೈದ ರಜಕ್ಕೆ ಬರುತ್ತಾನಂತೆ. ದಾವಣಗೆರೆಗೆ ನಾಲ್ಕು ದಿನ, ಆಮೇಲೆ ಎಲ್ಲರನ್ನೂ ಕರಕೊಂಡು ಗುಲ್ಮಾರ್ಗ್. ಅಲ್ಲಿಯ ಗೊಂಡೋಲ ಅನ್ನೋ ಕೇಬಲ್ ಕಾರು ಹೆಚ್ಚುಕಮ್ಮಿ 4,000 ಮೀಟರ್ ಎತ್ತರಕ್ಕೆ ಹೋಗುತ್ತದೆ. ಹಿಮ ತರುವ ಮಾರುತಗಳು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರಬೇಕು, ಕೆಲವು ವರ್ಷ ಕೈ ಕೊಡುತ್ತವೆ. 2025ರ ಫೆಬ್ರವರಿಯಲ್ಲಿ ಹಿಮ ಸಾಲದೆ ಅಲ್ಲಿಯ ಖೇಲೋ ಇಂಡಿಯಾ ಚಳಿಗಾಲದ ಆಟಗಳನ್ನೇ ಮಾರ್ಚಿಗೆ ಮುಂದೂಡಿದ್ದರು. ಇದನ್ನೆಲ್ಲ ನನಗೆ ಹೇಳಿದವರು ಮಾವನವರು. ಈಗ ಅವರ ಫೋನಲ್ಲೂ ನೇರಳೆ ನಕ್ಷೆ ಇದೆ.

ಟಿಕೆಟ್ ಮಾಡಿಸುವ ಕೆಲಸ ನನಗೆ ಬಿದ್ದಿದೆ. ನಿನ್ನೆ ಮಾವನವರು ಫೋನ್ ಮಾಡಿ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥದ್ದೇ ಮಾಡಿಸು ಅಂದರು. ಆಮೇಲೆ ದನಿ ತಗ್ಗಿಸಿ, "ತೊಗರಿ ಚೀಲಕ್ಕೆ ಬೀಳೋವರ್ಗೂ ನಿಮ್ಮತ್ತೆಗೆ ತಾರೀಕು ಹೇಳ್ಬ್ಯಾಡಪ್ಪಾ" ಅಂದರು.