ಫಾರ್ಮಾಲಿನ್‌ಗೂ ಬರಗಾಲವೇ?

ಇಂದು ನಮ್ಮ ರೋಗಶಾಸ್ತ್ರ ಪ್ರಯೋಗಾಲಯಕ್ಕೆ ಬಂದ ಡಬ್ಬಿಯನ್ನು ಕಂಡ ಮೇಲೆ ಉಳಿದಿದ್ದ ತಾಳ್ಮೆಯೂ ಮುಗಿಯಿತು: ರೋಗಿಯ ಹೆಸರು ಮುಚ್ಚಳದ ಮೇಲೆ ಮಾತ್ರ ಇತ್ತು, ಮುಚ್ಚಳ ತೆಗೆದು ಪಕ್ಕಕ್ಕಿಟ್ಟ ಕ್ಷಣದಿಂದ ಒಳಗಿನ ಅಂಗಾಂಶ ಯಾರದೆಂದು ದೇವರೇ ಹೇಳಬೇಕು. ಅಂಗಾಂಶವನ್ನು ಕೆಡದಂತೆ ಕಾಪಾಡಿ ಗಟ್ಟಿಗೊಳಿಸುವ ದ್ರವವಾದ ಫಾರ್ಮಾಲಿನ್ ಮಾದರಿಯ ಗಾತ್ರದ ಸುಮಾರು 10 ಪಟ್ಟು ಇರಬೇಕೆಂಬ ನಿಯಮವನ್ನು ಮಾದರಿ ಕಳುಹಿಸುವ ವೈದ್ಯರು ಯಾವ ಗಣಿತದಿಂದ ಅರ್ಥ ಮಾಡಿಕೊಂಡಿದ್ದಾರೋ, ಇಡೀ ಗರ್ಭಕೋಶವನ್ನು ಕಿರಿದಾದ ಬಾಯಿಯ ಬಾಟಲಿಗೆ ತುರುಕಿ, ಶಾಸ್ತ್ರಕ್ಕೆಂಬಂತೆ ನಾಲ್ಕು ಹನಿ ಸುರಿದು ಕಳುಹಿಸುತ್ತಾರೆ. ಮೆತ್ತಗಿದ್ದಾಗ ಒಳಹೋದದ್ದು ಗಟ್ಟಿಯಾದ ಮೇಲೆ ಅದೇ ಬಾಯಿಯಿಂದ ಹೊರಬರುವುದು ಹೇಗೆ? ಇನ್ನು ಕೆಲವರಿಗೆ ಬಣ್ಣವಿಲ್ಲದ ದ್ರವವೆಲ್ಲ ಒಂದೇ. ಫಾರ್ಮಾಲಿನ್ ಬದಲು ರಾತ್ರಿಯಿಡೀ ಸಲೈನಿನಲ್ಲಿ ಬಿದ್ದು ಕೆಟ್ಟುಹೋದ ತುಣುಕಿನಲ್ಲಿ ಸೂಕ್ಷ್ಮದರ್ಶಕ ಏನನ್ನು ತಾನೇ ತೋರಿಸೀತು? ಕೋರಿಕೆ ಪತ್ರದಲ್ಲಿ ಇರುವುದು "ಗಡ್ಡೆ" ಎಂಬ ಒಂದೇ ಪದ, ಅದನ್ನೂ ಕಷ್ಟಪಟ್ಟು ಓದಬೇಕು. ಯಾವ ಅಂಗದ್ದು, ಎಡವೋ ಬಲವೋ, ಹಿಂದೆ ಕಿಮೊಥೆರಪಿ ಆಗಿತ್ತೇ ಎಂಬುದನ್ನೆಲ್ಲ ನಾವು ಬಹುಶಃ ದಿವ್ಯದೃಷ್ಟಿಯಿಂದ ಕಾಣಬೇಕು. ವಿಚಾರಿಸಲು ಕರೆ ಮಾಡಿದರೆ ವೈದ್ಯರು ಸದಾ ಶಸ್ತ್ರಚಿಕಿತ್ಸೆಯಲ್ಲಿರುತ್ತಾರೆ, ಆದರೆ ಫಾರ್ಮಾಲಿನ್ ಇನ್ನೂ ಅಂಗಾಂಶದ ಒಳಭಾಗಕ್ಕೆ ಇಳಿದಿರದ ಮರುದಿನ ಬೆಳಿಗ್ಗೆಯೇ, "ವರದಿ ಏಕೆ ತಡ?" ಎಂದು ಕೇಳಲು ಅವರಿಗೆ ಹೇಗೋ ಬಿಡುವು ಸಿಕ್ಕಿರುತ್ತದೆ.