ಮೈಕ್ ಹೆಸ್ಮನ್ ಬಗ್ಗೆ ಕನಿಕರ ಬೇಡ

ಬೇಸ್‌ಬಾಲ್ ದಂತಕಥೆ ಬೇಬ್ ರೂತ್ ಹೆಸರು ಕೇಳಿದವರು ನಮ್ಮಲ್ಲೂ ಇದ್ದಾರೆ. ಮೈಕ್ ಹೆಸ್ಮನ್ ಹೆಸರು ಅಮೆರಿಕದಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಅಲ್ಲಿನ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ, ಅಂದರೆ ಮೇಜರ್ ಲೀಗ್‌ನ ಕೆಳಗಿನ ಹಂತಗಳಲ್ಲಿ, 433 ಹೋಮ್ ರನ್ (ಬೇಲಿ ದಾಟುವ ಹೊಡೆತ, ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದವರು ಇವರು. ಮೆಕ್ಸಿಕೋದ ಲೀಗನ್ನು ಬಿಟ್ಟರೆ ಇವರನ್ನು ಮೀರಿಸಿದವರಿಲ್ಲ.

ಇವರ ವಿಷಯ ಬಂದಾಗಲೆಲ್ಲ ಜನ "ಅಯ್ಯೋ ಪಾಪ, ಮೇಲೆ ಹೋಗಲಿಲ್ಲವಲ್ಲ" ಅನ್ನುತ್ತಾರೆ. ನನಗೆ ಈ ಮಾತು ಸ್ವಲ್ಪವೂ ಇಷ್ಟವಾಗುವುದಿಲ್ಲ.

ಮೇಜರ್ ಲೀಗ್‌ನ ಪ್ರತಿ ಕ್ಲಬ್ಬಿಗೂ ಕೆಳಗೆ ಹಲವು ತಂಡಗಳಿರುತ್ತವೆ. ಕೆಳಗಿನ ಮೆಟ್ಟಿಲು ರೂಕಿ, ಮೇಲಿನದು ಟ್ರಿಪಲ್ ಎ. ಯಾವಾಗ ಹತ್ತಬೇಕು, ಯಾವಾಗ ಇಳಿಯಬೇಕು ಅನ್ನುವುದು ಆಟಗಾರನ ಕೈಯಲ್ಲಿಲ್ಲ. 1996ರಲ್ಲಿ ಅಟ್ಲಾಂಟಾ ಬ್ರೇವ್ಸ್ ಕ್ಲಬ್ ಹೆಸ್ಮನ್ ಅವರನ್ನು ಡ್ರಾಫ್ಟ್‌ನ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) 15ನೇ ಸುತ್ತಿನಲ್ಲಿ ಆರಿಸಿತು. ಆಗ ಅವರಿಗೆ 18 ವರ್ಷ. ಆಮೇಲೆ ಡೆಟ್ರಾಯಿಟ್ ಟೈಗರ್ಸ್ ಸೇರಿದರು. ಅಂದರೆ ಹೆಚ್ಚಾಗಿ ಆಡಿದ್ದು ಅದರ ಟ್ರಿಪಲ್ ಎ ತಂಡ ಟೊಲೆಡೊ ಮಡ್ ಹೆನ್ಸ್‌ಗೆ. ಟೊಲೆಡೊದಿಂದ ಡೆಟ್ರಾಯಿಟ್‌ಗೆ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ದಾರಿ, ಅಷ್ಟೇ.

2007ರಲ್ಲಿ ಅವರು ಟೊಲೆಡೊ ಆಡುವ ಟ್ರಿಪಲ್ ಎ ಲೀಗ್ ಆದ ಇಂಟರ್‌ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರರಾದರು. ಅದೇ ಡಿಸೆಂಬರ್‌ನಲ್ಲಿ ಟೈಗರ್ಸ್ ಯಾರನ್ನು ತಂದಿತು ಗೊತ್ತಾ? ಸ್ಟಾರ್ ಬ್ಯಾಟರ್ ಮಿಗೆಲ್ ಕ್ಯಾಬ್ರೆರಾ ಅವರನ್ನು! ಹೆಸ್ಮನ್ ಹಾಗೆ ಅವರೂ ಮೈದಾನದಲ್ಲಿ ಮೂರನೇ ಬೇಸ್, ಮೊದಲ ಬೇಸ್ ಜಾಗಗಳಲ್ಲಿ ಆಡುವವರೇ. ಅಂಥವರು ಎದುರಿಗಿದ್ದರೆ ಯಾರಿಗೆ ತಾನೇ ಜಾಗ ಸಿಗುತ್ತದೆ? 2008ರಲ್ಲಿ ಹೆಸ್ಮನ್ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋಗಿ ಅಮೆರಿಕ ತಂಡದ ಜೊತೆ ಕಂಚು ಗೆದ್ದು ಬಂದರು. ಆ ವರ್ಷ ಡೆಟ್ರಾಯಿಟ್ ಪರ ಆಡಲು ಸಿಕ್ಕ ಕೆಲವೇ ಪಂದ್ಯಗಳಲ್ಲಿ 5 ಹೋಮ್ ರನ್ ಹೊಡೆದರು. ಮರುವರ್ಷ ಮತ್ತೆ ಟೊಲೆಡೊ.

ಅವರ ಆಟದಲ್ಲಿ ಕೊರತೆ ಇರಲಿಲ್ಲ ಅಂತ ಹೇಳುತ್ತಿಲ್ಲ. ಇತ್ತು. ಮೈನರ್ ಲೀಗ್‌ನಲ್ಲೇ 2,000ಕ್ಕೂ ಜಾಸ್ತಿ ಸಲ ಸ್ಟ್ರೈಕ್‌ಔಟ್ ಆದರು, ಅಂದರೆ ಮೂರು ಸ್ಟ್ರೈಕ್ ಆಗಿ ಔಟಾದರು. ಮೇಜರ್ ಲೀಗ್‌ನ 109 ಪಂದ್ಯಗಳಲ್ಲಿ 14 ಹೋಮ್ ರನ್, ಬ್ಯಾಟಿಂಗ್ ಸರಾಸರಿ .188, ಅಂದರೆ ಐದು ಸಲಕ್ಕೆ ಒಂದು ಹಿಟ್ ಕೂಡ ಇಲ್ಲ. ಚೆಂಡು ಸಿಕ್ಕಿದರೆ ಬೇಲಿ ದಾಟುತ್ತಿತ್ತು, ಸಿಗದೇ ಹೋಗುತ್ತಿದ್ದದ್ದೇ ಹೆಚ್ಚು. ಆದರೂ ವರ್ಷ ವರ್ಷವೂ ಒಂದಲ್ಲ ಒಂದು ಕ್ಲಬ್ ಅವರನ್ನು ಕರೆದು ಕೆಲಸ ಕೊಟ್ಟಿತು. 2011ರಲ್ಲಿ ಜಪಾನಿನಲ್ಲೂ ಆಡಿದರು. ಆಟದಿಂದ 20 ವರ್ಷ ಹೊಟ್ಟೆ ಹೊರೆದುಕೊಳ್ಳುವುದು ಸುಮ್ನೆ ಆಗುವ ಕೆಲಸವಾ?

2015ರ ಆಗಸ್ಟ್ 3ರಂದು ಟೊಲೆಡೊದಲ್ಲಿ 433ನೆಯದು ಬಂತು. ಮೂರೂ ಬೇಸ್‌ನಲ್ಲಿ ಆಟಗಾರರಿದ್ದಾಗ ಹೊಡೆದ ಗ್ರ್ಯಾಂಡ್ ಸ್ಲ್ಯಾಮ್ ಅದು. ಆಗ ಮುರಿದದ್ದು ಹಳೆಯ ಕಾಲದ ಮೈನರ್ ಲೀಗ್ ಆಟಗಾರ ಬಝ್ ಆರ್ಲೆಟ್ ಅವರ 432ರ ದಾಖಲೆ. ಆರ್ಲೆಟ್ ಕಥೆ ಇನ್ನೂ ವಿಚಿತ್ರ. 1931ರಲ್ಲಿ ಫಿಲಡೆಲ್ಫಿಯಾ ಪರ ಮೇಜರ್ ಲೀಗ್‌ನಲ್ಲಿ ಒಂದೇ ಒಂದು ವರ್ಷ ಆಡಿದರು, ಸರಾಸರಿ .313, ಹೋಮ್ ರನ್ 18. ಮತ್ತೆ ಯಾವತ್ತೂ ಅವಕಾಶ ಸಿಗಲಿಲ್ಲ. ಇಬ್ಬರಿಗೂ ಪ್ರತಿಭೆ ಇತ್ತು, ಜಾಗ ಇರಲಿಲ್ಲ.

ಕನಿಕರ ಪಡುವ ನಮಗೆ ಕೋಪ ಬರಬೇಕಾದ ವಿಷಯ ಬೇರೆ ಇದೆ. ಅದು ಸಂಬಳ. 2022ರವರೆಗೂ ಟ್ರಿಪಲ್ ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ ವೇತನ 17,500 ಡಾಲರ್, ರೂಕಿ ಹುಡುಗನಿಗೆ ಬರೀ 4,800. ಸೀಸನ್ ನಡೆಯುವ ತಿಂಗಳುಗಳಲ್ಲಿ ಮಾತ್ರ ದುಡ್ಡು. ಚಳಿಗಾಲದಲ್ಲಿ ಎಷ್ಟೋ ಹುಡುಗರು ಬೇರೆ ಕೆಲಸ ಹುಡುಕಿಕೊಳ್ಳಬೇಕಿತ್ತು. ಇದು ಕೋಟಿಗಟ್ಟಲೆ ಡಾಲರ್ ಗಳಿಸುವ ಆಟ, ನೆನಪಿರಲಿ. 2014ರಲ್ಲಿ ಆಟಗಾರರು ಕೋರ್ಟಿಗೆ ಹೋದರು, 2022ರಲ್ಲಿ 18.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಅದೇ ವರ್ಷ ಯೂನಿಯನ್ ಬಂತು. 2023ರ ಒಪ್ಪಂದದಲ್ಲಿ ಟ್ರಿಪಲ್ ಎ ಕನಿಷ್ಠ ವೇತನ 35,800 ಡಾಲರ್‌ಗೆ ಏರಿತು. ಏರಿದ್ದು ಒಳ್ಳೆಯದೇ, ಆದರೆ ನನ್ನ ಪ್ರಕಾರ ಇದೂ ಸಾಲದು.

ಮೇಲಿನ ತಂಡದಲ್ಲಿ ಯಾರಿಗೋ ಗಾಯವಾದರೆ ನಾಳೆಯೇ ಬಂದು ಆಡಬಲ್ಲವನೊಬ್ಬ ತಯಾರಾಗಿ ಇರಬೇಕು. ಆ ತಯಾರಿಗೇ ಸಂಬಳ ಕೊಡಬೇಕು. ಹೆಸ್ಮನ್ ಅದನ್ನು 20 ವರ್ಷ ಮಾಡಿದರು. ನಿವೃತ್ತರಾದ ಮೇಲೆ ಟೈಗರ್ಸ್‌ನ ಕಿರಿಯ ತಂಡಗಳಲ್ಲೇ ಬ್ಯಾಟಿಂಗ್ ಕೋಚ್ ಆದರು.